ಮುಗಿಲಾಚೆಯ ಕೆಂಪು, ನೆಲದೊಳಗಿನ ಸುರುಳಿ

ಭರಣಿ ಮಳೆಯ ಕಾರ್ಮೋಡ ಹಾನಗಲ್ಲ, ಹಿರೇಕೆರೂರಿನ ಮೇಲೆ ಕವಿದಾಗ ಊರವರಿಗೆ ಕಾಣುವುದು ಮೋಡದ ಅಡಿಭಾಗ ಮಾತ್ರ. ಅದರ ನೆತ್ತಿಯ ಮೇಲೆ 50ರಿಂದ 90 ಕಿ.ಮೀ. ಎತ್ತರದಲ್ಲಿ ಸ್ಪ್ರೈಟ್ ಎಂಬ ಕೆಂಪು ಬೆಳಕು ಕೆಲವೇ ಮಿಲಿಸೆಕೆಂಡು ಹೊತ್ತಿ ಆರಬಹುದು. ನೋಡುವ ಭಾಗ್ಯ ದೂರದವರಿಗೆ. ಹಾನಗಲ್ಲಿನ ಮೇಲೆ 75 ಕಿ.ಮೀ. ಎತ್ತರದಲ್ಲಿ ಮಿನುಗಿದ್ದು 235 ಕಿ.ಮೀ. ಆಚೆಯ ಕೊಲ್ಲಾಪುರದಲ್ಲಿ ದಿಗಂತದಿಂದ ಸುಮಾರು 17 ಡಿಗ್ರಿ ಮೇಲೆ ಕಾಣಬೇಕು, ನಡುವೆ ಬೇರೆ ಮೋಡವಿರದಿದ್ದರೆ.

ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1920ರ ದಶಕದಲ್ಲೇ ಇಂಥದ್ದನ್ನು ಊಹಿಸಿದ್ದರು. ಮೊದಲ ಚಿತ್ರ ಸಿಕ್ಕಿದ್ದು 1989ರ ಜುಲೈ 6ರಂದು, ಅಮೆರಿಕದ ಮಿನ್ನೆಸೋಟದಲ್ಲಿ, ಅದೂ ಆಕಸ್ಮಿಕವಾಗಿ. ಭಾರತೀಯ ಭೂಕಾಂತತ್ವ ಸಂಸ್ಥೆಯ ಅಲಹಾಬಾದ್ (ಈಗಿನ ಪ್ರಯಾಗರಾಜ್) ಕೇಂದ್ರದವರೂ ಇವನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಾರೆ.

ಚಿತ್ರಗಳು ಮನಮೋಹಕ. ಆದರೂ ನನ್ನ ಒಲವು ನೆಲದಲ್ಲಿ ಹೂತಿಟ್ಟ ಕಾಂತ ಸುರುಳಿಯ ಕಡೆಗೇ. ಸ್ಪ್ರೈಟ್ ಹುಟ್ಟುವುದು ಹೆಚ್ಚಾಗಿ ಮೋಡದ ಧನಾವೇಶವನ್ನು ನೆಲಕ್ಕಿಳಿಸುವ ಭಾರೀ ಸಿಡಿಲಿನಿಂದ. ಅಷ್ಟು ಆವೇಶ ಒಮ್ಮೆಲೇ ಬರಿದಾದಾಗ ಮೇಲಿನ ವಿದ್ಯುತ್ ಕ್ಷೇತ್ರ ಏರಿ, ತೆಳುಗಾಳಿಯ ನೈಟ್ರೋಜನ್ ಕೆಂಪಗೆ ಬೆಳಗುತ್ತದೆ. ಅದೇ ಸಿಡಿಲು ಸಾವಿರ ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಅಲೆಗಳನ್ನೂ ಹೊಮ್ಮಿಸುತ್ತದೆ. ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಅವು ಸಾವಿರಾರು ಕಿ.ಮೀ. ಸಾಗುತ್ತವೆ, ಮೋಡ, ಕತ್ತಲು ಯಾವುದೂ ಅಡ್ಡಿಯಿಲ್ಲ.

ಕಾಂತಗುಣದ ಸರಳಿಗೆ ಸಾವಿರಾರು ಸುತ್ತು ತಾಮ್ರದ ತಂತಿ ಸುತ್ತಿ, ಒಂದನ್ನು ತೆಂಕು-ಬಡಗಾಗಿ, ಇನ್ನೊಂದನ್ನು ಮೂಡು-ಪಡುವಾಗಿ ಇಟ್ಟರೆ ಸಿಡಿಲು ಬಿದ್ದ ದಿಕ್ಕು ತಿಳಿಯುತ್ತದೆ. ದೂರದ ಸಿಡಿಲಿನ ಗುರುತು ನೂರು ಪಿಕೋಟೆಸ್ಲಾ ಇದ್ದರೆ, ನಮ್ಮ ಭಾಗದ ಭೂಕಾಂತ ಕ್ಷೇತ್ರದ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲು. ಗಾಳಿಗೆ ಸುರುಳಿ ಕೊಂಚ ಅಲುಗಿದರೂ ಅದು ಅಳಿಸಿಹೋಗುತ್ತದೆ, ಹೂಳುವುದು ಅದಕ್ಕೇ.

1998ರಲ್ಲಿ ಸ್ಟೀವನ್ ಕಮ್ಮರ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಗಳು ನನಗೆ ಎಲ್ಲಕ್ಕಿಂತ ಪ್ರಿಯ. ಸಿಡಿಲಿನ ಏರಿಳಿತದ ಬೆನ್ನಿಗೇ ಎರಡನೆಯದೊಂದು ಉಬ್ಬು ಮೂಡಿತ್ತು, ಸರಿಯಾಗಿ ಸ್ಪ್ರೈಟ್ ಬೆಳಗಿದ ಹೊತ್ತಿಗೆ. ಆ ಬೆಳಕಿನ ಒಳಗೇ ವಿದ್ಯುತ್ ಹರಿದಿತ್ತು! ಯಾವ ಚಿತ್ರವೂ ಇದನ್ನು ಹೇಳಲಾರದು.

ಸವಣೂರು, ಶಿಗ್ಗಾಂವಿಯ ಹೊಲಗಳಲ್ಲಿ ಇಂಥ ಸುರುಳಿ ನೆಡಲು ಹೊರಟವರಿಗೆ ದೊಡ್ಡ ತೊಡಕು ಪಂಪ್‌ಸೆಟ್ಟಿನ ತಂತಿಗಳು, ಅವುಗಳ 50 ಹರ್ಟ್ಸ್ ಗುಂಯ್‌ಗುಡುವಿಕೆ. ಇಂಥದೇ ಅಡ್ಡಿಯಿಂದಾಗಿ, ಮುಂಬೈಗೆ ವಿದ್ಯುತ್ ಟ್ರಾಮ್ ಬರುವ ಹೊತ್ತಿಗೆ ಕೊಲಾಬಾದ ಕಾಂತ ವೀಕ್ಷಣಾಲಯವನ್ನೇ 1904ರಲ್ಲಿ ಅಲಿಬಾಗಿಗೆ ಸಾಗಿಸಬೇಕಾಯಿತು. ಇಲ್ಲಿ ತಂತಿಯಿಂದ ದೂರದ ಗುಡ್ಡದ ಓರೆ ಹುಡುಕಿ, ಉಳಿದ ಸದ್ದನ್ನು ಲೆಕ್ಕದಲ್ಲಿ ಸೋಸಬಹುದು. ವಿಜಯಪುರದ ಕಡೆ ಗುಡುಗು ಮಳೆಯಿದ್ದು ಶಿಗ್ಗಾಂವಿಯ ಆಗಸ ತಿಳಿಯಾಗಿರುವ ರಾತ್ರಿ ಬಡಗಣಕ್ಕೆ ಕ್ಯಾಮೆರಾ ತಿರುಗಿಸಿ, ಅದಕ್ಕೂ ಸುರುಳಿಗೂ ಒಂದೇ ಜಿಪಿಎಸ್ ಗಡಿಯಾರ ಜೋಡಿಸಬೇಕು. ಮಿಲಿಸೆಕೆಂಡು ತಪ್ಪಿದರೂ ಎರಡನೇ ಉಬ್ಬು ಯಾವ ಬೆಳಕಿನದೆಂದು ಹೇಳಲಾಗದು.