ಕೀಲಿಕೈ ಯಾರ ಬಳಿ?

ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಟಿಕೆಟ್ ಇಲ್ಲದವನಿಗೆ ಅಲ್ಲಿ ಮಲಗುವ ಹಕ್ಕಿಲ್ಲ. ಅವನು ಹೊರಗೆ ಬಂದು ಯಾವುದೋ ಅಂಗಡಿಯ ಕಟ್ಟೆ ಹುಡುಕುತ್ತಾನೆ. ಇಂಥವನನ್ನು ಏನೆಂದು ಕರೆಯುವುದು?

ಸರಕಾರಿ ಕನ್ನಡದ ಉತ್ತರ ವಿಚಿತ್ರವಾಗಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇರಿಸುವ ಜಾಗದ ಹೆಸರು 'ನಿರಾಶ್ರಿತರ ಪರಿಹಾರ ಕೇಂದ್ರ'. ಕಾಯ್ದೆಯಲ್ಲಿ ನಿಷೇಧ, ಫಲಕದಲ್ಲಿ ಪರಿಹಾರ! ಇದಕ್ಕಾಗಿ ನಮ್ಮ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಕರವೂ ಇದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಇಂಥ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಜನ ಸತ್ತರು. ಬಡತನವನ್ನು ಅಪರಾಧವೆಂದು ಬಗೆದರೆ ಕಾರುಣ್ಯವೂ ಬಂದೀಖಾನೆಯಾಗುತ್ತದೆ. 2018ರಲ್ಲಿ ದೆಹಲಿ ಹೈಕೋರ್ಟು, ಅಲ್ಲಿ ಜಾರಿಯಲ್ಲಿದ್ದ ಇಂಥದೇ ಕಾಯ್ದೆಯ ಶಿಕ್ಷೆಯ ಕಲಮುಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು.

ಎರಡನೆಯ ದಾರಿ ಅನ್ನದ್ದು. ಸಿದ್ಧಾರೂಢ ಮಠದ ದಾಸೋಹ, ದರ್ಗಾಗಳ ಲಂಗರ್, ರಮಝಾನಿನ ಇಫ್ತಾರ್ ಈ ನೆಲದ ದೊಡ್ಡ ಗುಣಗಳು. ಆದರೆ ಉಂಡವನಿಗೂ ರಾತ್ರಿ ಎಂಬುದೊಂದಿದೆ.

ಮೂರನೆಯದು ತಂಗುದಾಣ. ಲಕ್ಷ ಜನಸಂಖ್ಯೆಗೆ ಒಂದರಂತೆ ಹಗಲೂ ರಾತ್ರಿಯೂ ತೆರೆದಿರುವ ವಸತಿ ಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷ ದಾಟಿದ್ದ ಹುಬ್ಬಳ್ಳಿ-ಧಾರವಾಡಕ್ಕೆ ಆ ಲೆಕ್ಕದಲ್ಲಿ ಕನಿಷ್ಠ ಒಂಬತ್ತು ಬೇಕು. ಅವು ಎಲ್ಲಿರಬೇಕು ಎಂಬುದೂ ಮುಖ್ಯ. ಅಮರಗೋಳದ ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲ ಮಲಗಲೆಂದು ಊರ ಇನ್ನೊಂದು ತುದಿಗೆ ಹೋಗಲಾರ. ಮಕ್ಕಳೊಂದಿಗಿರುವ ಹೆಂಗಸು ಗಂಡಸರ ಸಾಲಿನಲ್ಲಿ ಚಾಪೆ ಹಾಸಲಾರಳು.

ಫಿನ್‌ಲ್ಯಾಂಡ್ 2008ರಿಂದ ಇನ್ನೊಂದು ದಾರಿ ಹಿಡಿಯಿತು. ಮೊದಲು ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಎನ್ನಲಿಲ್ಲ. ಮೊದಲು ಅವನ ಹೆಸರಿನಲ್ಲೇ ಬಾಡಿಗೆ ಕರಾರು, ಉಳಿದದ್ದು ನಂತರ. ದೀರ್ಘಕಾಲ ಸೂರಿಲ್ಲದೆ ಇದ್ದವರ ಸಂಖ್ಯೆ ಅಲ್ಲಿ ಬಹಳಷ್ಟು ಇಳಿಯಿತು. ಅದು ಶ್ರೀಮಂತ ದೇಶ, ನಿಜ. ಆದರೆ ನಂಬಿಕೆಗೆ ಶ್ರೀಮಂತಿಕೆ ಬೇಕಿಲ್ಲ. ದಾರಿಹೋಕನಿಗೂ ಝಕಾತಿನಲ್ಲಿ ಪಾಲಿದೆ ಎಂದು ಬಲ್ಲ ನಮ್ಮ ಮೊಹಲ್ಲಾಗಳು, ಕಂಬಳಿ ಹಂಚುವುದರ ಜೊತೆಗೆ ಒಂದೆರಡು ಕುಟುಂಬಗಳ ಬಾಡಿಗೆ ಮುಂಗಡವನ್ನೂ ಯಾಕೆ ಹೊರಬಾರದು?

ಕಥೆ ಬರೆಯುವ ನಾವೂ ತಪ್ಪಿತಸ್ಥರೇ. ಫುಟ್‌ಪಾತಿನವನನ್ನು ನಾಯಕನ ದಯೆ ತೋರಿಸಲೆಂದೇ ಕರೆತಂದು, ಕಂಬಳಿ ಹೊದಿಸಿ ಮರೆಯುತ್ತೇವೆ. ಅವನಿಗೊಂದು ಕಸುಬು, ಒಂದು ಸಿಟ್ಟು, ಒಂದು ವಿಳಾಸ ಕೊಡುವುದಿಲ್ಲ.

ಈ ದಾರಿಗಳನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಬಾಗಿಲ ಕೀಲಿಕೈ ಯಾರ ಬಳಿ ಇದೆ? ಪರಿಹಾರ ಕೇಂದ್ರದಲ್ಲಿ ಅದು ಕಾವಲುಗಾರನ ಬಳಿ, ತಂಗುದಾಣದಲ್ಲಿ ಮೇಲ್ವಿಚಾರಕನ ಬಳಿ. ಒಳಗೆ ಮಲಗುವವನ ಕೈಗೇ ಅದು ಬಂದ ದಿನ ಅದನ್ನು ಮನೆ ಎನ್ನಬಹುದು.