ಕಿಲ್ಟಿನ ಮೇಲೆ ಯಾವ ಕೋಟು?



ಕಳೆದ ನವೆಂಬರಿನ ರಾಜ್ಯೋತ್ಸವದ ದಿನ ಊಟಕ್ಕೆ ಮುಂಚೆ ನಮ್ಮ ಯುವಕರು ನಡೆಸಿಕೊಟ್ಟ ಉಡುಗೆ ಪ್ರದರ್ಶನ ನಿಮಗೆಲ್ಲ ನೆನಪಿರಬಹುದು. ಇಲ್ಲೇ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ ಬೆಳೆದ ಐದು ಜನ ಹುಡುಗರು ಕಿಲ್ಟ್ ಉಟ್ಟು, ಅದರ ಮೇಲೆ ತಮತಮಗೆ ತೋಚಿದ ಕೋಟು, ಅಂಗಿ, ಜರ್ಸಿಗಳನ್ನು ತೊಟ್ಟು ವೇದಿಕೆಗೆ ಬಂದರು. ಸಭೆ ಐವರಿಗೂ ಒಂದೇ ಸಮನೆ ಚಪ್ಪಾಳೆ ತಟ್ಟಿತು. ಆಮೇಲೆ ನಾವು ಬಿಸಿಬೇಳೆ ಭಾತಿನ ಸಾಲಿನಲ್ಲಿ ನಿಂತಿದ್ದಾಗ ಅವರಲ್ಲಿ ಒಬ್ಬ ಬಂದು, "ಹೇಗಿತ್ತು ಅಂಕಲ್?" ಎಂದು ಕೇಳಿದ. "ತುಂಬಾ ಚೆನ್ನಾಗಿತ್ತಪ್ಪಾ" ಎಂದೆವು.

ಅದು ಪೂರ್ತಿ ನಿಜವಾಗಿರಲಿಲ್ಲ. ಸಣ್ಣ ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದುಕೊಂಡು ಸುಮ್ಮನಿದ್ದೆವು. ಆದರೆ ಮೊನ್ನೆ ಅದೇ ಹುಡುಗ ಫೋನ್ ಮಾಡಿದ. ಬರುವ ಮೇ ತಿಂಗಳಲ್ಲಿ ಅವನ ಮದುವೆ. ಬೆಳಿಗ್ಗೆ ಧಾರೆಗೆ ಪಂಚೆ, ಸಂಜೆ ಆರತಕ್ಷತೆಗೆ ಕಿಲ್ಟ್. "ಅವತ್ತು ಹಾಕಿಕೊಂಡಿದ್ದನ್ನೇ ಹಾಕ್ಕೋತೀನಿ ಅಂಕಲ್, ನೀವೇ ಚೆನ್ನಾಗಿದೆ ಅಂದಿದ್ರಲ್ಲ" ಎಂದ. ನಮ್ಮ ಎದೆ ಧಸಕ್ಕೆಂದಿತು. ಮದುವೆಯ ಫೋಟೋ ಐವತ್ತು ವರ್ಷ ಗೋಡೆಯ ಮೇಲಿರುತ್ತದೆ. ಆದ್ದರಿಂದ ಅಂದು ಹೇಳಬೇಕಾಗಿದ್ದ ಮಾತನ್ನು, ಅವನ ಒಪ್ಪಿಗೆ ಪಡೆದು, ಇಂದು ಬರೆಯುತ್ತಿದ್ದೇವೆ. ಹೆಸರು ಹಾಕಬೇಡಿ ಎಂದಿದ್ದಾನೆ, ಹಾಕುವುದಿಲ್ಲ.

ವಿಮರ್ಶೆಗೆ ಮುಂಚೆ ಕಿಲ್ಟಿನ ರಚನೆಯನ್ನು ಸ್ವಲ್ಪ ಗಮನಿಸೋಣ. ಒಳ್ಳೆಯ ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಬೇಕು. ಮುಂದೆ ಚಪ್ಪಟೆ, ಹಿಂದೆ ಹೊಲಿದು ಕೂರಿಸಿದ ನೆರಿಗೆ. ನಾವು ಪ್ಯಾಂಟು ಹಾಕುವಂತೆ ಸೊಂಟದ ಕೆಳಗಲ್ಲ, ಹೊಕ್ಕುಳ ಮಟ್ಟದಲ್ಲಿ ಕಟ್ಟಬೇಕು. ಅಂಚು ಮಂಡಿಯ ನಡುವಿಗೆ ಬರಬೇಕು. ಮುಂದೆ ತೂಗುವ ಚೀಲಕ್ಕೆ ಸ್ಪಾರನ್ ಎಂದು ಹೆಸರು. ಕಿಲ್ಟಿಗೆ ಜೇಬಿಲ್ಲವಾದ್ದರಿಂದ ಅದೇ ಜೇಬು. ಅಂದರೆ ಹೊಕ್ಕುಳಿನಿಂದ ಮಂಡಿಯವರೆಗಿನ ಎರಡು ಅಡಿ ಜಾಗದಲ್ಲೇ ಬಣ್ಣ, ನೆರಿಗೆ, ಚೀಲ ಎಲ್ಲವೂ ಇವೆ. ಮೇಲೆ ತೊಡುವ ಬಟ್ಟೆ ಈ ಎರಡು ಅಡಿಯನ್ನು ಎಷ್ಟು ಮುಚ್ಚುತ್ತದೆ, ಎಷ್ಟು ಬಿಡುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಮೊದಲನೆಯವನು ಪ್ರಿನ್ಸ್ ಚಾರ್ಲಿ ಕೋಟು ತೊಟ್ಟು ಬಂದ. ಮುಂದೆ ಸೊಂಟಕ್ಕೇ ನಿಲ್ಲುವ ಕರಿಯ ಕೋಟು, ಬೆಳ್ಳಿ ಬಣ್ಣದ ಗುಂಡಿಗಳು, ಒಳಗೆ ಗಿಡ್ಡ ವೇಸ್ಟ್‌ಕೋಟು, ಬೋ ಟೈ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಸಂಜೆಯ ಔತಣಕ್ಕೆಂದೇ ಹೊಲಿದ ಜೋಡಿ ಇದು. ಆದರೆ ಹುಡುಗ ವೇಸ್ಟ್‌ಕೋಟಿನ ಕೆಳಗೆ ದೊಡ್ಡ ಬಕಲಿನ ಬೆಲ್ಟನ್ನೂ ಬಿಗಿದಿದ್ದ. ಎರಡರಲ್ಲಿ ಒಂದು ಸಾಕಾಗಿತ್ತು.

ಎರಡನೆಯವನೇ ನಮ್ಮ ಮದುಮಗ. ಕಿಲ್ಟ್ ಸೊಗಸಾಗಿತ್ತು. ಅದರ ಮೇಲೆ ಅವನು ಹಾಕಿಕೊಂಡದ್ದು ಆಫೀಸಿಗೆ ಹಾಕುವ ಸೂಟಿನ ಕೋಟು. ಬೆಲೆ ಬಾಳುವ ಕೋಟೇ, ಅನುಮಾನವಿಲ್ಲ. ಆದರೆ ಪ್ಯಾಂಟಿನ ಮೇಲೆ ಹಾಕಲೆಂದು ಹೊಲಿದ ಕೋಟು ಕುಂಡೆಯನ್ನು ಮುಚ್ಚುವಷ್ಟು ಉದ್ದವಿರುತ್ತದೆ. ಎರಡು ಅಡಿಯ ಕಿಲ್ಟಿನಲ್ಲಿ ಅರ್ಧದಷ್ಟನ್ನು ಅದು ನುಂಗಿತು. ಹಿಂದಿನ ನೆರಿಗೆಗಳು ಕೋಟಿನ ಅಂಚನ್ನು ಕೊಡೆಯಂತೆ ಎತ್ತಿದವು. ಸ್ಪಾರನ್ ಕೋಟಿನ ಕೆಳಗಿನಿಂದ, ಬಾಗಿಲ ಸಂದಿಯಲ್ಲಿ ಇಣುಕುವ ಬೆಕ್ಕಿನಂತೆ, ಅರ್ಧ ಮಾತ್ರ ಕಾಣುತ್ತಿತ್ತು. ಆರಡಿ ಎತ್ತರದ ಹುಡುಗ ಐದೂಕಾಲು ಅಡಿಯವನಂತೆ ಕಂಡ. ಮುಂದಿನ ಸಾಲಿನಲ್ಲಿ, ಹಾಸನದಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಕೂತಿದ್ದರು. ಕಿಲ್ಟನ್ನು ಅವರು ನೋಡಿದ್ದು ಅದೇ ಮೊದಲು. ಹುಡುಗ ಹತ್ತಿರ ಬಂದಾಗ ಕೇಳಿದರು: "ಮಗಾ, ಈ ಕೋಟು ನಿಂದಾ, ನಿಮ್ಮಪ್ಪಂದಾ?" ಎಲ್ಲರೂ ನಕ್ಕೆವು. ಅಂದು ಇಡೀ ಸಭೆಯಲ್ಲಿ ಕಣ್ಣು ಬಿಟ್ಟು ನೋಡಿದ ವಿಮರ್ಶಕರು ಅವರೊಬ್ಬರೇ.

ಮೂರನೆಯವನದು ಟ್ವೀಡ್ ಕೋಟು. ಇದು ಕಿಲ್ಟಿಗೆಂದೇ ಕತ್ತರಿಸಿದ್ದು: ಮಾಮೂಲು ಕೋಟಿಗಿಂತ ಕೆಲವು ಅಂಗುಲ ಗಿಡ್ಡ, ಮುಂದಿನ ಎರಡು ಅಂಚುಗಳನ್ನೂ ದುಂಡಗೆ ಹಿಂದಕ್ಕೆ ಸರಿಸಿ ಸ್ಪಾರನ್ನಿಗೆ ಜಾಗ ಬಿಟ್ಟಿದ್ದಾರೆ. ಟ್ವೀಡೂ ಉಣ್ಣೆ, ಕಿಲ್ಟೂ ಉಣ್ಣೆ. ಎರಡರ ತೂಕವೂ ಹೊಂದುತ್ತದೆ. ಸಾದಾ ಚರ್ಮದ ಸ್ಪಾರನ್, ಸಾದಾ ಟೈ. ಚೌಕಳಿ ಒಂದೇ ಕಡೆ, ಉಳಿದದ್ದೆಲ್ಲ ಮೌನ. ಐದರಲ್ಲಿ ನಮ್ಮ ಮೊದಲ ಬಹುಮಾನ ಇದಕ್ಕೇ.

ನಾಲ್ಕನೆಯವನು ಸ್ಕಾಟ್‌ಲೆಂಡ್ ತಂಡದ ಕಡುನೀಲಿ ಫುಟ್‌ಬಾಲ್ ಜರ್ಸಿ, ಹಿಮ್ಮಡಿಯವರೆಗೆ ಇಳಿಬಿಟ್ಟ ದಪ್ಪ ಕಾಲುಚೀಲ, ಬೂಟು ಹಾಕಿಕೊಂಡು ಕುಣಿಯುತ್ತ ಬಂದ. ಹಿರಿಯರು ಕೆಲವರು ಮುಖ ಸಿಂಡರಿಸಿದರು. ನಾವು ಅವನ ಪಕ್ಷ. 1998ರ ಫ್ರಾನ್ಸ್ ವಿಶ್ವಕಪ್ಪಿನಲ್ಲಿ, 2024ರಲ್ಲಿ ಜರ್ಮನಿಯ ಯೂರೋ ಪಂದ್ಯಗಳಲ್ಲಿ ಸಾವಿರಾರು ಜನ ಇದೇ ವೇಷದಲ್ಲಿ ಬೀದಿ ತುಂಬಿದ್ದನ್ನು ಟೀವಿಯಲ್ಲಿ ನೋಡಿದ್ದೇವೆ. 2024ರಲ್ಲಿ ಮ್ಯೂನಿಕ್‌ನ ಮೊದಲ ಪಂದ್ಯದಲ್ಲೇ 5-1ರಿಂದ ಸೋತರೂ ಆ ವೇಷ ಮಾತ್ರ ಸೋಲಲಿಲ್ಲ. ಕಾರಣವಿದೆ. ಜರ್ಸಿಯ ಬಣ್ಣ ಗಾಢ ಮತ್ತು ಸಾದಾ. ಕಾಲಿನ ಬಳಿ ಬೂಟಿನ ಭಾರ ಇರುವುದರಿಂದ ಮೇಲಿನ ಬಟ್ಟೆ ಹಗುರವಾದರೂ ಕಿಲ್ಟ್ ತೂಗಿಸಿಕೊಳ್ಳುತ್ತದೆ. ಅದೇ ಹುಡುಗ ತೆಳ್ಳನೆಯ ಆಫೀಸ್ ಶೂ ಹಾಕಿದ್ದರೆ ಎಲ್ಲ ಕೆಡುತ್ತಿತ್ತು. ಆದರೆ ಇದು ಮೈದಾನದ ಉಡುಪು, ಮಂಟಪದ್ದಲ್ಲ.

ಐದನೆಯವನು ಸಾದಾ ಕರಿಯ ಕಿಲ್ಟ್, ಚಿತ್ರವಿರುವ ಟೀ ಶರ್ಟು, ಚರ್ಮದ ಜಾಕೆಟ್ಟು. ಜಾಕೆಟ್ಟು ಸೊಂಟಕ್ಕೇ ನಿಲ್ಲುವುದರಿಂದ ಅಳತೆ ಸರಿಯಾಗಿತ್ತು. ಆದರೆ ಸರಪಳಿ, ಪದಕ, ಅದರ ಮೇಲೆ ಔತಣಕ್ಕೆ ಕಟ್ಟುವ ತುಪ್ಪಳದ ಸ್ಪಾರನ್! ಒಗ್ಗರಣೆ ಮೂರು ಸಲ ಹಾಕಿದ ಹಾಗಾಯಿತು. ಎರಡನ್ನು ತೆಗೆದುಹಾಕಿದರೆ ಇದು ಬಹಳ ಚೆನ್ನಾದ ವೇಷ.

"ಇದೆಲ್ಲ ಬೆರಕೆ, ಸಂಪ್ರದಾಯ ಬಿಟ್ಟದ್ದು" ಎಂದು ಕೆಲವರು ಆಕ್ಷೇಪಿಸಿದರು. ಈ ಮಾತು ನಿಲ್ಲುವುದಿಲ್ಲ. ಹಳೆಯ ಕಿಲ್ಟ್ ಇಡೀ ಮೈಗೆ ಸುತ್ತಿ ನಡುವಿಗೆ ಬೆಲ್ಟು ಬಿಗಿಯುವ ದೊಡ್ಡ ಕಂಬಳಿ. ಇಂದಿನ ಗಿಡ್ಡ ಕಿಲ್ಟ್ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. 1746ರ ಕಾಯಿದೆ ಅದನ್ನು ನಿಷೇಧಿಸಿತು, 1782ರಲ್ಲಿ ನಿಷೇಧ ತೆಗೆದರು. ಪ್ರಿನ್ಸ್ ಚಾರ್ಲಿ ಕೋಟಂತೂ ಇಪ್ಪತ್ತನೆಯ ಶತಮಾನದ್ದು. ಕಿಲ್ಟಿನ ಮೇಲೆ ಕೋಟು, ಟೈ ಎಂಬುದೇ ಬೆರಕೆ. ಹಾಗಾಗಿ ಬೆರಸಬಹುದೇ ಎಂಬುದು ಪ್ರಶ್ನೆಯಲ್ಲ. ಬೆರಸಿದ್ದು ಹೊಂದಿತೇ ಎಂಬುದು ಪ್ರಶ್ನೆ.

ಹೊಂದದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಒಬ್ಬ ದೊರೆಯೇ ಸಾಕ್ಷಿ. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ, ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮದಲ್ಲಿ, ಕಿಲ್ಟಿನ ಕೆಳಗೆ ಮೈಬಣ್ಣದ ಬಿಗಿ ಕಾಲುಡುಪು ತೊಟ್ಟು ನಿಂತ. ವ್ಯಂಗ್ಯಚಿತ್ರಕಾರರು ಬಿಡಲಿಲ್ಲ. ಡೇವಿಡ್ ವಿಲ್ಕಿ ಎಂಬ ಚಿತ್ರಕಾರ ಮಾತ್ರ ಕೆಲವು ವರ್ಷಗಳ ನಂತರ ಬರೆದ ಚಿತ್ರದಲ್ಲಿ ದೊರೆಯನ್ನು ಸಾಕಷ್ಟು ಚಂದಗಾಣಿಸಿದ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದೇಹ ಸಿಕ್ಕಿದ ಸನ್ನಿವೇಶವನ್ನು 1839ರಲ್ಲಿ ಚಿತ್ರಿಸಿದವನೂ ಇದೇ ವಿಲ್ಕಿ. ಬಿಸಿಬೇಳೆ ಭಾತಿನ ಸಾಲಿನಲ್ಲಿ ನಾವು ಮಾಡಿದ್ದು ವಿಲ್ಕಿಯ ಕೆಲಸ. ಮಾಡಬೇಕಾಗಿದ್ದು ಅಜ್ಜಿಯ ಕೆಲಸ.

ಅಜ್ಜಿಗೆ ಅದು ಹೇಗೆ ತಿಳಿಯಿತು ಎಂದು ಆಮೇಲೆ ಯೋಚಿಸಿದೆವು. ಅವರ ಕಾಲದ ಗಂಡಸರು ಪಂಚೆಯ ಮೇಲೆ ಕೋಟು ತೊಟ್ಟವರಲ್ಲವೇ! ಮೇಷ್ಟ್ರು, ಶಾನುಭೋಗರು, ವಕೀಲರು ಎಲ್ಲರೂ ಕಚ್ಚೆ ಪಂಚೆಯ ಮೇಲೆ ಕೋಟು, ತಲೆಗೆ ರುಮಾಲು. ಅದೂ ಬೆರಕೆಯೇ, ಆದರೆ ಕಣ್ಣಿಗೆ ಎಷ್ಟು ಹಿತ! ಪಂಚೆ ಪಾದದವರೆಗೆ ಇಳಿಯುತ್ತದೆ. ಆದ್ದರಿಂದ ಉದ್ದ ಕೋಟು ತೊಟ್ಟರೂ ಕೆಳಗೆ ಬೇಕಾದಷ್ಟು ಬಿಳುಪು ಉಳಿಯುತ್ತದೆ. ಮಂಡಿಗೇ ಮುಗಿಯುವ ಕಿಲ್ಟಿಗೆ ಅದೇ ಕೋಟು ಹಾಕಿದರೆ ಏನೂ ಉಳಿಯುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪಟ ನೋಡಿ: ಸೂಟು, ಟೈ, ಮೇಲೆ ಮೈಸೂರು ಪೇಟ. ಜರಿ ಇರುವುದು ತಲೆಯ ಮೇಲೆ ಮಾತ್ರ, ಸೂಟು ಸುಮ್ಮನಿದೆ. ಎರಡು ಊರಿನ ಬಟ್ಟೆ ಒಂದೇ ಮೈಮೇಲೆ ಬಂದಾಗ ಒಂದು ಮಾತಾಡಬೇಕು, ಇನ್ನೊಂದು ಜಾಗ ಬಿಡಬೇಕು. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಇಲ್ಲಿನ ದರ್ಜಿಗಳಿಗೂ ಗೊತ್ತು.

ಹಾಗಾದರೆ ಅಂದು ನಾವೇಕೆ ಹೇಳಲಿಲ್ಲ? ನಾಚಿಕೆಯಾದರೂ ಒಪ್ಪಿಕೊಳ್ಳುತ್ತೇವೆ. ಕಿಲ್ಟ್ ಇಲ್ಲಿಯವರದು, ಅದರ ಬಗ್ಗೆ ಬಾಯಿ ಹಾಕಲು ನಾವು ಯಾರು ಎಂಬ ಅಳುಕು. ನೆಂಟ ಸಾರಿಗೆ ಉಪ್ಪು ಕಡಿಮೆ ಎನ್ನುವುದಿಲ್ಲ, ಸುಮ್ಮನೆ ಉಂಡು ಹೊಗಳುತ್ತಾನೆ. ಮನೆಯವನು ಹೇಳುತ್ತಾನೆ. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ನಾವು ನೆಂಟರ ಹಾಗೆ ಹೊಗಳುತ್ತಲೇ ಇದ್ದೇವೆ. ಆ ಹುಡುಗ ನೆಂಟನಲ್ಲ. ಇದು ಅವನ ಊರು, ಕಿಲ್ಟ್ ಅವನ ಉಡುಪು. ಅವನಿಗೆ ಸಲ್ಲಬೇಕಾದದ್ದು ಚಪ್ಪಾಳೆಯಲ್ಲ, ಉಪ್ಪು ಕಡಿಮೆ ಎಂಬ ಮಾತು.

ಆದ್ದರಿಂದ, ಮಗೂ, ಕೇಳು. ಕಿಲ್ಟ್ ನಿನಗೆ ಒಪ್ಪುತ್ತದೆ, ಅದನ್ನೇ ಉಡು. ಆಫೀಸಿನ ಕೋಟು ಆಫೀಸಿಗಿರಲಿ. ಸಂಜೆಯ ಆರತಕ್ಷತೆಯಾದ್ದರಿಂದ ಪ್ರಿನ್ಸ್ ಚಾರ್ಲಿ ಕೋಟನ್ನು ಬಾಡಿಗೆಗೆ ತರಬಹುದು. ಖರ್ಚು ಬೇಡವೆಂದರೆ ನಿಮ್ಮ ತಂದೆಯ ಹಳೆಯ ಟ್ವೀಡ್ ಕೋಟನ್ನು ಒಳ್ಳೆಯ ದರ್ಜಿಯ ಹತ್ತಿರ ಒಯ್ದು, ಗಿಡ್ಡ ಮಾಡಿಸಿ, ಮುಂದಿನ ಅಂಚು ದುಂಡಗೆ ಕತ್ತರಿಸಿಸು. ಆಗ ಅಜ್ಜಿ ಕೇಳಿದರೂ "ಹೌದಜ್ಜಿ, ಅಪ್ಪಂದೇ" ಎಂದು ಧೈರ್ಯವಾಗಿ ಹೇಳಬಹುದು.

ನಮ್ಮ ತೀರ್ಪನ್ನು ಒಪ್ಪದವರು, ವಿಶೇಷವಾಗಿ ಐದನೆಯ ಹುಡುಗನ ತಾಯಿ, ದಯವಿಟ್ಟು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗವಿದೆ.