ಷಟರ್ ಮುಚ್ಚುವುದು ಯಾರ ಲೆಕ್ಕದಲ್ಲಿ?

ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳಲು ಹೊರಟವರು ಎಲೆಕ್ಟ್ರಾನಿಕ್ ಷಟರ್ ಎಂದರೆ ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ಅದು ಅನಲಾಗೋ ಡಿಜಿಟಲೋ ಎಂದು ತಿಳಿದುಕೊಂಡು ಕೊಂಡರಾಯಿತು.

ಎರಡರಲ್ಲೂ ಪರದೆಗಳನ್ನು ಓಡಿಸುವುದು ಸ್ಪ್ರಿಂಗೇ. ಮೊದಲ ಪರದೆ ಸರಿದೊಡನೆ ಫಿಲ್ಮಿಗೆ ಬೆಳಕು ಬೀಳತೊಡಗುತ್ತದೆ. ಎರಡನೆಯದನ್ನು ಪುಟ್ಟ ವಿದ್ಯುತ್ಕಾಂತವೊಂದು ಹಿಡಿದಿಟ್ಟಿರುತ್ತದೆ. ಅದನ್ನು ಯಾವಾಗ ಬಿಡಬೇಕು ಎಂಬುದಷ್ಟೇ ಎಲೆಕ್ಟ್ರಾನಿಕ್ಸಿನ ಪಾಲಿನ ಕೆಲಸ.

ಅನಲಾಗಿನಲ್ಲಿ ಆ ಗಳಿಗೆಯನ್ನು ತೀರ್ಮಾನಿಸುವುದು ಕೆಪಾಸಿಟರ್. ಅದರ ವೋಲ್ಟೇಜ್ ಏರುತ್ತಾ ಗೊತ್ತುಪಡಿಸಿದ ಮಟ್ಟ ಮುಟ್ಟಿದಾಗ ಕಾಂತ ಹಿಡಿತ ಬಿಡುತ್ತದೆ, ಪರದೆ ಮುಚ್ಚುತ್ತದೆ. ಈ ಉಪಾಯದ ಅತಿ ಸುಂದರ ರೂಪ 1975ರ ಒಲಿಂಪಸ್ ಓಎಂ-2. ಯೊಶಿಹಿಸಾ ಮೈತಾನಿ ಅವರ ಈ ಕ್ಯಾಮೆರಾದಲ್ಲಿ ಬೆಳಕಿನ ಸೆನ್ಸರ್‌ಗಳು ಫಿಲ್ಮಿನ ಕಡೆಗೇ ಮುಖಮಾಡಿವೆ. ಆಟೊದಲ್ಲಿಟ್ಟರೆ, ಎಕ್ಸ್‌ಪೋಷರ್ ನಡೆಯುತ್ತಿರುವಾಗಲೇ ಫಿಲ್ಮಿನಿಂದ ಪ್ರತಿಫಲಿಸಿದ ಬೆಳಕನ್ನು ಅವು ಅಳೆಯುತ್ತವೆ; ಬೆಳಕು ಹೆಚ್ಚಿದಷ್ಟೂ ಕೆಪಾಸಿಟರ್ ಬೇಗ ತುಂಬುತ್ತದೆ. ವೇಗ ಹೆಚ್ಚಿದ್ದಾಗ ಫಿಲ್ಮ್ ಒಮ್ಮೆಗೇ ಪೂರ್ತಿ ತೆರೆದುಕೊಳ್ಳುವುದಿಲ್ಲವಲ್ಲ, ಅದಕ್ಕೆಂದೇ ಮೊದಲ ಪರದೆಯ ಮೇಲೆ ಕಪ್ಪು-ಬಿಳಿ ಚೌಕಗಳ ವಿನ್ಯಾಸ ಅಚ್ಚಾಗಿದೆ. ಆಗ ಸೆನ್ಸರ್ ಓದುವುದು ಆ ಪರದೆಯನ್ನು. ಮುಸ್ಸಂಜೆಯ ದೀರ್ಘ ಎಕ್ಸ್‌ಪೋಷರಿನ ನಡುವೆ ಬೀದಿದೀಪ ಹೊತ್ತಿಕೊಂಡರೆ ಷಟರ್ ಅಷ್ಟು ಬೇಗ ಮುಚ್ಚುತ್ತದೆ. ಬೆಳಕನ್ನು ಅಳೆಯುವುದೂ ಹೊತ್ತನ್ನು ನಿರ್ಧರಿಸುವುದೂ ಇಲ್ಲಿ ಬೇರೆಬೇರೆಯಲ್ಲ. 1/60, 1/125 ಎಂಬ ಮೆಟ್ಟಿಲುಗಳ ಹಂಗೂ ಇಲ್ಲ.

ಆದರೆ ಬಿಡಿಭಾಗಗಳಿಗೆ ವಯಸ್ಸಾಗುತ್ತದೆ. ಕೆಪಾಸಿಟರ್, ರೆಸಿಸ್ಟರ್‌ಗಳ ಮೌಲ್ಯ ಕಾಲಕ್ಕೂ ಸೆಕೆಗೂ ಸರಿಯುತ್ತದೆ. ಡಿಜಿಟಲ್ ಬಗೆಯ 1980ರ ನಿಕಾನ್ ಎಫ್3 ಈ ಚಿಂತೆಯನ್ನು ಕ್ವಾರ್ಟ್ಜ್ ಹರಳಿನಿಂದ ಕಳೆಯಿತು. ಕೈಗಡಿಯಾರದ ಹರಳಿನಂತೆಯೇ ಸೆಕೆಂಡಿಗೆ 32,768 ಮಿಡಿತ. 256 ಮಿಡಿತ ಎಣಿಸಿದರೆ 1/128 ಸೆಕೆಂಡ್, ಡಯಲ್ ಮೇಲಿನ 1/125ಕ್ಕೂ ಅದಕ್ಕೂ ಕೂದಲೆಳೆಯ ಅಂತರ. ಎಣಿಕೆ ದಶಕಗಳಾದರೂ ತಪ್ಪುವುದಿಲ್ಲ.

ಮ್ಯಾನ್ಯುಯಲ್‌ನಲ್ಲಿ ವೇಗ ಆರಿಸಿಕೊಂಡು ಸ್ಲೈಡ್ ಫಿಲ್ಮ್ ಹಾಕುವವರಿಗೆ ನಾನು ಎಫ್3 ಅನ್ನೇ ಹೇಳುತ್ತೇನೆ. ಸಂಜೆಬೆಳಕಿನಲ್ಲಿ ಆಟೊ ನೆಚ್ಚುವವರಿಗೆ ಓಎಂ-2. ಯಾವುದನ್ನೇ ಕೊಳ್ಳಿ, ಮೊದಲು ಷಟರ್ ಟೆಸ್ಟರ್ ಮುಂದೆ ಹಿಡಿಯಿರಿ. 1/1000ದಲ್ಲಿ ಮಾತ್ರ ತಪ್ಪಿದರೆ ಗ್ರೀಸ್ ಗಟ್ಟಿಯಾಗಿದೆ ಅಥವಾ ಸ್ಪ್ರಿಂಗ್ ಬಿಗಿ ತಪ್ಪಿದೆ. ಒಳ್ಳೆಯ ಮೆಕ್ಯಾನಿಕ್ ಸರಿಮಾಡಬಲ್ಲ. ಅರ್ಧ ಸೆಕೆಂಡ್, ಒಂದು ಸೆಕೆಂಡಿನಲ್ಲೂ ತಪ್ಪಿದರೆ ದೋಷ ಬಹುತೇಕ ಸರ್ಕ್ಯೂಟಿನದು. ಅಂಥದ್ದಕ್ಕೆ ಬಿಡಿಭಾಗ ಸಿಗುತ್ತದೆಂದು ಖಾತ್ರಿಯಾಗುವವರೆಗೆ ದುಡ್ಡು ಕೊಡಬೇಡಿ.